ಹಳೇ ಕೋಡಿನ ಮುಂದೆ ಕೂತ ಮಗಳಿಗೆ

ದಾವಣಗೆರೆ

ಮಗಳೇ,

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲೇ ಹೇಳಿರುತ್ತಾಳೆ, ಅದು ಬಿಡು. "ಎಲ್ಲರೂ ಎಐ ಅಂತ ಓಡ್ತಿದ್ದಾರೆ, ನಾನು ಹಳೇ ಜಾವಾ ಕೋಡಿಗೆ ತೇಪೆ ಹಾಕ್ತಾ ಹಿಂದೆ ಬಿದ್ದುಬಿಡ್ತೀನಾ" ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿ ಸಂಕಟವಾಯಿತು.

ವೆಬ್ ಆ್ಯಪ್ ಕಟ್ಟುವ ಚೌಕಟ್ಟು ಆಂಗ್ಯುಲರ್‌ಜೆಎಸ್ 2010ರಲ್ಲಿ ಬಂದಾಗಲೂ ಗದ್ದಲ ಇತ್ತು. 2021ರ ಕೊನೆಗೆ ಗೂಗಲ್ ಅದರ ಬೆಂಬಲವನ್ನೇ ನಿಲ್ಲಿಸಿತು. ಡೇಟಾಬೇಸನ್ನು ಕೇಳಲು ನೀನು ಬೇಸರದಿಂದ ಬರೆಯುವ ಎಸ್‌ಕ್ಯೂಎಲ್ ಭಾಷೆ 1970ರ ದಶಕದ್ದು, ಇನ್ನೂ ದುಡಿಯುತ್ತಿದೆ. ಹಾಗಂತ ಎಐ ಬರೀ ಸದ್ದು ಅನ್ನಲಾರೆ. ಒಂದು ಹಳೇ ಮೆಥಡ್‌ಗೆ, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡಿಗೆ, ಅದನ್ನು ಪರೀಕ್ಷಿಸುವ ಟೆಸ್ಟ್ ಕೋಡನ್ನು ಎಐಯಿಂದ ಬರೆಸಿ ನೋಡು. ಪಾಸಾದರೆ ಸಾಲದು; ಮೆಥಡ್‌ನ ಒಂದು ಷರತ್ತನ್ನು ಬೇಕಂತಲೇ ತಿರುಗಿಸು. ಆಗಲೂ ಪಾಸಾದರೆ ಆ ಷರತ್ತನ್ನು ಟೆಸ್ಟ್ ಮುಟ್ಟಿಯೇ ಇಲ್ಲ.

ಹಿಂದೆ ಬೀಳುವ ಭಯ ನಮ್ಮೂರಿಗೆ ಹೊಸದಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡ ಊರಲ್ಲಿ ಹತ್ತಿ ಮಿಲ್ಲುಗಳು ಮುಚ್ಚಿಹೋದವು. ಅಲ್ಲಿ ದುಡಿದವರ ಕೈಗೆ ಗೊತ್ತಿದ್ದದ್ದನ್ನು ನಮ್ಮ ತಲೆಮಾರಿನವರು ಕೇಳಿ ಬರೆದಿಡಲಿಲ್ಲ, ಆ ಕೊರಗು ಹೋಗಿಲ್ಲ. ಅದಕ್ಕೇ ಇರಬೇಕು, ಕೋಡು ಬದಲಿಸಿ ಉಳಿಸುವಾಗ ಬರೆಯುವ ಟಿಪ್ಪಣಿ, ಆ ಕಮಿಟ್ ಸಂದೇಶದ ಬಗ್ಗೆ ಇಷ್ಟು ಹಟ ನನಗೆ. ಏನು ಬದಲಾಯಿತು ಅನ್ನೋದು ಹಳೇ-ಹೊಸ ಕೋಡಿನ ವ್ಯತ್ಯಾಸ ತೋರಿಸುವ ಡಿಫ್‌ನಲ್ಲೇ ಕಾಣುತ್ತೆ. ಯಾಕೆ ಅನ್ನೋದನ್ನು ಬರಿ.

ಬೇಸರಕ್ಕೆ ಮದ್ದು ನನ್ನ ಹತ್ತಿರ ಇಲ್ಲ, ನಿಜ ಹೇಳಬೇಕಂದರೆ. ಆದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಕ್ವೆರಿ, ನಿಧಾನವಾದದ್ದು ಸಿಕ್ಕರೆ ಬಿಡಬೇಡ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ, ಕ್ವೆರಿಯನ್ನು ಓಡಿಸಿ ಅದು ಹೇಗೆ ನಡೆಯಿತು ಅಂತ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಹಾಕು. ಅದು ಅಂದಾಜು ಮಾಡಿದ ಸಾಲುಗಳಿಗೂ ನಿಜವಾಗಿ ಬಂದ ಸಾಲುಗಳಿಗೂ ಅಜಗಜಾಂತರ ಇದ್ದರೆ ಟೇಬಲ್ಲಿನ ಅಂಕಿಅಂಶ ಹಳತಾಗಿರಬಹುದು, ಅದನ್ನು ಹೊಸದಾಗಿಸಲು ಆ ಟೇಬಲ್ಲಿನ ಮೇಲೆ ಬರೀ ಅನಲೈಜ್ ಓಡಿಸು. ಇನ್ನೊಂದು ಟೇಬಲ್ಲಿಗೆ ಕೊಂಡಿಯಾಗಿರುವ ಫಾರಿನ್ ಕೀ ಕಾಲಮ್ಮಿಗೆ ಪೋಸ್ಟ್‌ಗ್ರೆಸ್ ತಾನಾಗಿ ಇಂಡೆಕ್ಸ್ (ಬೇಗ ಹುಡುಕುವ ಸೂಚಿ) ಹಾಕಲ್ಲ. ಎಷ್ಟೋ ಸಲ ತೊಂದರೆ ಅಲ್ಲೇ. ಡೇಟಾ ಬದಲಿಸುವ ಅಪ್‌ಡೇಟ್ ಮೇಲೆ ಎಕ್ಸ್‌ಪ್ಲೇನ್ ಅನಲೈಜ್ ಪ್ರಯೋಗಿಸುವಾಗ ಮಾತ್ರ ಹುಷಾರು, ಅದು ನಿಜವಾಗಿಯೂ ಡೇಟಾ ತಿದ್ದಿಬಿಡುತ್ತೆ. ಮೊದಲು ಬಿಗಿನ್ ಹಾಕು, ಆಮೇಲೆ ರೋಲ್‌ಬ್ಯಾಕ್ ಕೊಟ್ಟು ತಿದ್ದಿದ್ದನ್ನು ರದ್ದು ಮಾಡು.

ಹಿಂದೆ ಬೀಳ್ತೀನಾ ಅಂತ ನೀನು ಬರೆದ ಸಾಲಿಗೇ ಮತ್ತೆ ಮನಸ್ಸು ಹೋಗುತ್ತೆ. ನಿಮ್ಮ ಪ್ರಾಜೆಕ್ಟ್ ಇನ್ನೂ ಜಾವಾ 8ರಲ್ಲೇ ಇದ್ದರೆ ನಿನ್ನ ಭಯದಲ್ಲಿ ಹುರುಳಿದೆ, ಆ ಆವೃತ್ತಿ 2014ರದ್ದು. 21ಕ್ಕೆ ಏರಿಸುವ ಕೆಲಸ ನನಗೇ ಕೊಡಿ ಅಂತ ಕೇಳಬಹುದೇನೋ. ಜಾವಾ ಡೇಟಾವನ್ನು ಎಕ್ಸ್‌ಎಂಎಲ್‌ಗೆ ಬದಲಿಸುವ ಜಾಕ್ಸ್‌ಬಿ ಬಳಸಿದ್ದರೆ ಬಿಲ್ಡ್ ಅಲ್ಲೇ ಮುರಿಯುತ್ತೆ, 11ರಲ್ಲಿ ಅದನ್ನು ಜೆಡಿಕೆಯಿಂದ, ಅಂದರೆ ಜಾವಾದ ಮೂಲ ಕಿಟ್‌ನಿಂದ, ತೆಗೆದಿದ್ದಾರೆ. ಹೊರಗಿನ ಲೈಬ್ರರಿಯಾಗಿ, ಡಿಪೆಂಡೆನ್ಸಿ ಅಂತಾರಲ್ಲ ಹಾಗೆ, ಸೇರಿಸಬೇಕು. ಶುರು ಮಾಡುವ ಮುಂಚೆ ಜೆಡಿಕೆ ಜೊತೆಗೇ ಬರುವ ಜೆಡೆಪ್ಸ್ ಓಡಿಸು, ಹೊರಗಿನವರು ಬಳಸಬಾರದ ಜೆಡಿಕೆಯ ಒಳಗಿನ ಯಾವ ಎಪಿಐಗಳನ್ನು ಬಳಸಿದ್ದೀರಿ ಅಂತ ಪಟ್ಟಿ ಕೊಡುತ್ತೆ. ಪಟ್ಟಿ ಉದ್ದ ಬಂದರೆ ಗಾಬರಿಯಾಗದೆ ನನಗೆ ಕಳಿಸು.

ನಿನ್ನ ದೊಡ್ಡಪ್ಪ