ಸಮುದಾಯ ಶೌಚಾಲಯವನ್ನು ಬಳಸುವವರ ಮಾತಿನಿಂದ ಅಳೆಯಿರಿ: ನಿವಾಸಿಗಳ ಮನವಿ

ಇವರಿಗೆ,
ಪೌರಾಯುಕ್ತರು, ನಗರಸಭೆ

ವಿಷಯ: ಸಮುದಾಯ ಶೌಚಾಲಯ ಬಳಸುವವರ ಬದುಕಿನ ಗುಣಮಟ್ಟದ ಸಮೀಕ್ಷೆ ನಡೆಸುವ ಬಗ್ಗೆ.

ಮಾನ್ಯರೇ,

ನಮ್ಮ ಕೇರಿಯ ಹೆಚ್ಚಿನ ಮನೆಗಳಲ್ಲಿ ಶೌಚಾಲಯ ಕಟ್ಟಿಸಲು ಜಾಗವಿಲ್ಲ. ನೀರಿನ ಟ್ಯಾಂಕಿನ ಪಕ್ಕದ ಸಮುದಾಯ ಶೌಚಾಲಯವನ್ನೇ ಎಲ್ಲರೂ ನಂಬಿದ್ದೇವೆ. ಸ್ವಚ್ಛ ಭಾರತ ಅಭಿಯಾನದ ಮಾನದಂಡದಂತೆ 35 ಪುರುಷರಿಗೊಂದು, 25 ಮಹಿಳೆಯರಿಗೊಂದು ಸೀಟು ಇರಬೇಕು, ಇದೆ. ಆ ಲೆಕ್ಕದಿಂದಲೇ ಕಡತದಲ್ಲಿ ಅದು ಸುಸ್ಥಿತಿಯಲ್ಲಿದೆ.

ಮಹಿಳೆಯರ ಕಡೆಯ ಎರಡು ಬಾಗಿಲುಗಳಿಗೆ ಒಳಚಿಲಕವಿಲ್ಲ. ಒಳಗೆ ಹೋದವರು ತುಂಬಿದ ಬಕೆಟ್ಟನ್ನು ಬಾಗಿಲಿಗೆ ಅಡ್ಡ ಇಟ್ಟು ಕೂರುತ್ತಾರೆ; ಹೊರಗೆ ಮಗಳೋ ಪಕ್ಕದ ಮನೆಯವರೋ ಕಾವಲು ನಿಲ್ಲುತ್ತಾರೆ. ದಾರಿಯಲ್ಲಿ ದೀಪ ಉರಿಯುವುದಿಲ್ಲ. ಕತ್ತಲಲ್ಲಿ ಹೋಗಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯದ ಹೆಣ್ಣುಮಕ್ಕಳಿದ್ದಾರೆ. ಮುಟ್ಟಿನ ದಿನಗಳ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಸೀಟು ಎಣಿಸಿ ಹೋದವರಿಗೆ ಇದ್ಯಾವುದೂ ಕಾಣಲಿಲ್ಲ.

ಇಂಥ ಸಂಕಟಕ್ಕೆ ಅಳತೆಯೇ ಇಲ್ಲ ಎನ್ನುವಂತಿಲ್ಲ. ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನ ಇಯಾನ್ ರಾಸ್ ಮತ್ತು ಸಂಗಡಿಗರು ಮೊಜಾಂಬಿಕ್‌ನ ಮಪುಟೊ ನಗರದಲ್ಲಿ, ಬಡ ಬಡಾವಣೆಗಳ ನಿವಾಸಿಗಳ ಮಾತು ಕೇಳಿಯೇ ಒಂದು ಅಳತೆಗೋಲು ರೂಪಿಸಿದ್ದಾರೆ. ಅದು ನೋಡುವುದು ಐದು ಸಂಗತಿಗಳನ್ನು: ಅಸಹ್ಯ, ಆರೋಗ್ಯ, ನಾಚಿಕೆ, ಸುರಕ್ಷತೆ, ಖಾಸಗಿತನ. ಕಾಯಿಲೆಯನ್ನಷ್ಟೇ ಎಣಿಸದೆ ನಾಚಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದು ನಮಗೆ ಬಹಳ ಸರಿಯೆನಿಸಿತು. ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಶೌಚಾಲಯಕ್ಕೆ ಹೋದಾಗ ಯಾರಾದರೂ ನೋಡಿಯಾರು ಎಂಬ ಅಳುಕು ಇರುತ್ತದೆಯೇ, ರಾತ್ರಿ ಹೋಗಲು ಭಯವಾಗುತ್ತದೆಯೇ ಎಂದು ಕೇಳಿ, ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ ಎಂಬ ಉತ್ತರಗಳಲ್ಲಿ ಒಂದನ್ನು ಗುರುತು ಮಾಡಿಕೊಂಡರೆ ಸಾಕು.

ನಮ್ಮ ವಾರ್ಡಿನಲ್ಲಿ ಈ ಐದು ಸಂಗತಿಗಳ ಸಮೀಕ್ಷೆಯನ್ನು ದುರಸ್ತಿಗೆ ಮುಂಚೆ ಒಮ್ಮೆ, ದುರಸ್ತಿಯಾಗಿ ಆರು ತಿಂಗಳಿಗೆ ಇನ್ನೊಮ್ಮೆ ನಡೆಸಬೇಕೆಂದು ಕೋರುತ್ತೇವೆ. ಹೆಂಗಸರನ್ನು ಹೆಂಗಸರೇ, ಮನೆಯ ಗಂಡಸರು ಎದುರಿಗಿಲ್ಲದಾಗ ಕೇಳಬೇಕು. ಇಲ್ಲವಾದರೆ ನಿಜವಾದ ಉತ್ತರ ಸಿಗುವುದಿಲ್ಲ. ಹೆಸರು ಬರೆದುಕೊಳ್ಳಬಾರದು. ವೃದ್ಧರು, ಅಂಗವಿಕಲರು ಮತ್ತು ಶೌಚಾಲಯ ತೊಳೆಯುವ ಕಾರ್ಮಿಕರನ್ನು ಬಿಡಬಾರದು. ಬಂದ ಫಲಿತಾಂಶವನ್ನು ಶೌಚಾಲಯದ ಗೋಡೆಯ ಮೇಲೆಯೇ ಅಂಟಿಸಬೇಕು.

ಸಮೀಕ್ಷೆಯ ನೆಪದಲ್ಲಿ ದುರಸ್ತಿ ಮುಂದಕ್ಕೆ ಹೋಗಬಾರದು. ಮೊದಲ ಸುತ್ತಿಗೆ ಒಂದು ಭಾನುವಾರ ಸಾಕು, ನಮ್ಮ ಸ್ತ್ರೀಶಕ್ತಿ ಸಂಘದವರು ಮನೆಮನೆಗೆ ಜೊತೆಗೆ ಬರಲು ಒಪ್ಪಿದ್ದಾರೆ. ಮರುದಿನವೇ ಚಿಲಕ ಹಾಕಿಸಿ, ದಾರಿದೀಪ ಸರಿಪಡಿಸಿಕೊಡಬೇಕೆಂದು ವಿನಂತಿ.

ವಂದನೆಗಳೊಂದಿಗೆ,
ವಾರ್ಡಿನ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)