ಹಿತ್ತಲಿನ ಕಲ್ಲು

ಲಿಯಾಂಡರ್, ಟೆಕ್ಸಸ್
ಏಪ್ರಿಲ್ 20

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನಿಗೆ ಫೋನಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ, ಅದಕ್ಕೇ ಹಿತ್ತಲಿನ ವಿಷಯ ಎಲ್ಲ ಬರೆದೇ ಕಳಿಸುತ್ತಿದ್ದೇನೆ. ಮೊದಲು ಸಂತೋಷದ ಸುದ್ದಿ: ಬೆಂಡೆ ಹುಟ್ಟಿ ನಾಲ್ಕು ಎಲೆ ಬಿಟ್ಟಿದೆ!

ಆಸ್ಟಿನ್‌ನಿಂದ ಪಶ್ಚಿಮಕ್ಕೆ ಬಂದರೆ ನೆಲದಡಿಯೆಲ್ಲ ಸುಣ್ಣಕಲ್ಲು. ನಮ್ಮ ಹಿತ್ತಲಿನಲ್ಲಿ ಮೇಲೆ ನಾಲ್ಕು ಬೆರಳು ಮಣ್ಣು, ಅದರ ಕೆಳಗೆ ಗಾರೆಯ ಹಾಗೆ ಗಟ್ಟಿಯಾದ ಬಿಳಿ ಪದರ. ಇಲ್ಲಿ ಅದನ್ನು ಕಲೀಚಿ ಅನ್ನುತ್ತಾರೆ. ಪಿಕಾಸಿ ಹಾಕಿದರೆ ಠಣ್ ಅಂತ ವಾಪಸ್ ಹಾರುತ್ತಿತ್ತು. ಮೂರು ಶನಿವಾರ ಅಗೆದು ಕೈಯಲ್ಲಿ ಬೊಬ್ಬೆ ಬಂತೇ ಹೊರತು ಒಂದು ಪಾತಿಯಷ್ಟು ಜಾಗವೂ ಆಗಲಿಲ್ಲ. ಇಲ್ಲಿ ಸುಮ್ನೆ ಅಗೆಯುವ ಹಾಗೂ ಇಲ್ಲ. ನೆಲದಡಿಯ ಪೈಪು, ವೈರು ಎಲ್ಲಿದೆ ಅಂತ ಗುರುತು ಹಾಕಿಸಲು ಮೊದಲು 811 ಅನ್ನುವ ನಂಬರಿಗೆ ಫೋನ್ ಮಾಡಬೇಕು. ಅವರು ಬಂದು ಗ್ಯಾಸ್ ಪೈಪ್ ಇರುವ ಕಡೆ ಹಳದಿ, ಕರೆಂಟ್ ವೈರ್ ಇರುವ ಕಡೆ ಕೆಂಪು, ನೀರಿನ ಪೈಪ್ ಇರುವ ಕಡೆ ನೀಲಿ ಬಾವುಟ ನೆಟ್ಟು ಹೋಗುತ್ತಾರೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಅಗೆದ ಕಲ್ಲನ್ನೆಲ್ಲ ಸಾಗಿಸಿಬಿಡೋಣ ಅಂತ ಇದ್ದೆವು. ಅವತ್ತು ಅಪ್ಪ ಹೇಳಿದಿರಲ್ಲ, "ಕಲ್ಲು ಎಸೀಬೇಡ, ಇಳಿಜಾರಿಗೆ ಅಡ್ಡ ಬದು ಹಾಕು" ಅಂತ. ಹೊಸದುರ್ಗದ ನಮ್ಮ ಮೇಲಿನ ಹೊಲ ಕಣ್ಣಮುಂದೆ ಬಂತು. ರಾಗಿ ಪೈರು, ನಡುನಡುವೆ ಕಲ್ಲಿನ ಬದು, ಬದುವಿನ ಮಗ್ಗುಲಲ್ಲಿ ಸೇರಿಕೊಂಡ ಮೆತ್ತನೆಯ ಮಣ್ಣು. ಅದೆಲ್ಲ ನೀವು ಒಂದೊಂದೇ ಕಲ್ಲು ಹೊತ್ತು ಮಾಡಿದ್ದು ಅಂತ ನನಗೆ ಈಗಲೇ ಸರಿಯಾಗಿ ಅರ್ಥವಾಗಿದ್ದು.

ಮನೆ ಕಟ್ಟುವಾಗ ಮೇಸ್ತ್ರಿ ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡುತ್ತಿದ್ದರಲ್ಲ, ಹಾಗೇ ನಾನೊಂದು ತುದಿ, ಇವರೊಂದು ತುದಿ ಹಿಡಿದು ಮಟ್ಟದ ಗೆರೆ ಹಾಕಿದೆವು. ಆ ಗೆರೆ ಮೇಲೆ ಮೂರು ಬದು ಕಟ್ಟಿದೆವು. ಕಲ್ಲಡಿ ಚೇಳು ಇರುತ್ತದೆ ಅಂತ ದಪ್ಪ ಕೈಗವಸು ಹಾಕಿಕೊಂಡೇ ಕೆಲಸ. ಒಂದು ಚೇಳು ಕಂಡೂ ಬಿಟ್ಟಿತು, ಬೆನ್ನ ಮೇಲೆ ಎರಡು ಕಪ್ಪು ಪಟ್ಟಿ. ಅಮ್ಮ, ಹೆದರಬೇಡ, ಯಾರಿಗೂ ಕಚ್ಚಿಲ್ಲ.

ಬದುವಿನ ಒಳಗೆ ಅಗೆಯುವುದನ್ನೇ ಬಿಟ್ಟೆವು. ಮೇಲೆಯೇ ಮಣ್ಣು, ಗೊಬ್ಬರ ಏರಿಸಿದೆವು. ಎಂಟಡಿ ಉದ್ದ, ನಾಲ್ಕಡಿ ಅಗಲ, ಒಂದಡಿ ಎತ್ತರದ ಒಂದು ಮಡಿಗೇ 32 ಘನ ಅಡಿ ಮಣ್ಣು ಬೇಕು. ಕೊಂಡು ತಂದ ಮಣ್ಣು ಜಾಸ್ತಿ ಬೆಲೆ, ಹಾಗಾಗಿ ಈ ವರ್ಷ ಎರಡೇ ಮಡಿ. ಮೇಲೆ ಒಣಗಿದ ಎಲೆ ಹೊದಿಸಿದ್ದೇವೆ, ಇಲ್ಲದಿದ್ದರೆ ಜುಲೈ ಬಿಸಿಲಿಗೆ ಏನೂ ಉಳಿಯುವುದಿಲ್ಲ.

ಅಮ್ಮ, ಒಲೆ ಬೂದಿ ಹಾಕು ಅಂದಿದ್ದೆ. ನೀನು ಹೇಳಿದ್ದು ನಮ್ಮೂರಿಗೆ ಸರಿ. ಇಲ್ಲಿನ ಮಣ್ಣಲ್ಲಿ ಮೊದಲೇ ಸುಣ್ಣ ಜಾಸ್ತಿ, ಬೂದಿ ಹಾಕಿದರೆ ಇನ್ನೂ ಹೆಚ್ಚುತ್ತದೆ. ಸುಣ್ಣ ಇದೆಯಾ ಅಂತ ಒಂದು ಲೋಟ ವಿನೆಗರ್‌ಗೆ ಒಂದು ಚಮಚ ಹಿತ್ತಲ ಮಣ್ಣು ಹಾಕಿ ನೋಡಿದೆ. ಸೋಡಾ ಹಾಗೆ ಬುಸ್ ಅಂತ ನೊರೆ ಉಕ್ಕಿತು. ಹೋದ ವರ್ಷದ ನಿಂಬೆ ಗಿಡದ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿತ್ತಲ್ಲ, ಅದಕ್ಕೂ ಇದೇ ಕಾರಣ. ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಸುಣ್ಣ ಅದನ್ನು ಬೇರಿಗೆ ಸಿಗದ ಹಾಗೆ ಮಾಡುತ್ತದೆ. ನಿಂಬೆಯನ್ನು ಈಗ ಕುಂಡಕ್ಕೆ ಹಾಕಿದ್ದೇನೆ. ಕರಿಬೇವೂ ಕುಂಡದಲ್ಲೇ. 2021ರ ಫೆಬ್ರವರಿಯಲ್ಲಿ ಇಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗೆ ಹೋಗಿತ್ತು, ಅಂಥ ಚಳಿ ಬಂದರೆ ಮನೆಯೊಳಗೆ ಎತ್ತಿಡಬೇಕಲ್ವಾ?

ಬೆಂಡೆ ಪಕ್ಕ ಗೋರಿಕಾಯಿ, ಹರಿವೆ ಸೊಪ್ಪು ಹಾಕಿದ್ದೇನೆ. ನೀವು ಬರುವಾಗ ಬೀಜ ಮಾತ್ರ ಕಟ್ಟಿಕೊಂಡು ಬರಬೇಡಿ, ಕಾಗದಪತ್ರ ಇಲ್ಲದ ಬೀಜವನ್ನು ಏರ್‌ಪೋರ್ಟಿನಲ್ಲಿ ತಡೆಯುತ್ತಾರೆ.

ಅಪ್ಪ, ಒಂದು ಕೇಳಬೇಕಿತ್ತು. ಹೋದ ವಾರ ಜೋರು ಮಳೆ ಬಂತು. ಮೇಲಿನ ಎರಡು ಬದು ಗಟ್ಟಿಯಾಗಿ ನಿಂತವು, ನೀರೂ ಇಂಗಿತು. ಕೆಳಗಿನದು ಮಾತ್ರ ಮಧ್ಯದಲ್ಲಿ ಹೊರಕ್ಕೆ ಉಬ್ಬಿದೆ. ಕಲ್ಲನ್ನು ಒಳಕ್ಕೆ ಸ್ವಲ್ಪ ವಾಲಿಸಿ ಇಡಬೇಕಿತ್ತಾ, ಅಥವಾ ಅಡಿಗೆ ಇನ್ನೂ ದೊಡ್ಡ ಕಲ್ಲು ಬೇಕಿತ್ತಾ? ಫೋಟೋ ಜೊತೆಗಿಟ್ಟಿದ್ದೇನೆ. ನೋಡಿ, ಅಮ್ಮನ ಕೈಲಿ ಹೇಳಿಕಳಿಸಿ. ಅಲ್ಲಿವರೆಗೆ ಅದನ್ನು ಮುಟ್ಟುವುದಿಲ್ಲ.

ನಿಮ್ಮ ಪ್ರೀತಿಯ ಮಗಳು