ಆಗ್ವಾದ ಜೈಲಿನಿಂದ ಬಂದ ಮೇಲೆ

ಪ್ರೀತಿಯ ಗಣಪು,

ಕಳೆದ ಭಾನುವಾರ ಆಗ್ವಾದ ಜೈಲು ನೋಡಿ ಬಂದೆ. ಕಾರವಾರದಿಂದ ಎಷ್ಟು ಸಲ ಗೋವಾಕ್ಕೆ ಹೋಗಿದ್ದೇವೆ ಮಾರಾಯ, ಆದರೆ ನಾವು ಹೋಗುತ್ತಿದ್ದ ಉದ್ದೇಶವೇ ಬೇರೆ, ಅಲ್ವಾ?

ಮೇಲೆ 1612ರ ಕೋಟೆ, ಕೆಳಗೆ ನೀರಿನ ಅಂಚಿಗೆ ಜೈಲು. ಪೋರ್ಚುಗೀಸರ ವಿರುದ್ಧ ದನಿ ಎತ್ತಿದವರನ್ನು ಇಲ್ಲಿ ಕೂಡಿಹಾಕುತ್ತಿದ್ದರು. 2015ರವರೆಗೂ ಕೈದಿಗಳಿದ್ದ ಜಾಗ. 2021ರ ಡಿಸೆಂಬರ್ 19ಕ್ಕೆ, ಗೋವಾ ವಿಮೋಚನೆಗೆ 60 ತುಂಬಿದ ದಿನ, ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು.

ಒಂದು ಕೋಣೆಯಲ್ಲಿ ಅಪ್ಪ ಮಗ ಫೋಟೋ ತೆಗೆಯುತ್ತಿದ್ದರು. ಹುಡುಗ ಕೇಳಿದ, "ಅಪ್ಪಾ, ಇವರೆಲ್ಲ ಏನು ಕದ್ದಿದ್ರು?"

ನನಗೆ ಚುರುಕ್ ಅಂತು. ಚಿಕ್ಕವನಿದ್ದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಅಜ್ಜ ಜೈಲಿಗೆ ಹೋಗಿದ್ದ ಅನ್ನುವುದನ್ನು ಶಾಲೆಯಲ್ಲಿ ಮುಚ್ಚಿಟ್ಟಿದ್ದೆ! ಬ್ರಿಟಿಷರಿಗೆ ಕಂದಾಯ ಕಟ್ಟಲ್ಲ ಅಂದ ಅಂಕೋಲೆಯ ಕರನಿರಾಕರಣೆ, ಬೆಳಗಾವಿಯ ಹಿಂಡಲಗಾ ಜೈಲು, ಇದೆಲ್ಲ ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ. ಅಜ್ಜ ತಾನಾಗಿ ಬಾಯಿ ಬಿಟ್ಟವನೇ ಅಲ್ಲ. ಅಜ್ಜಿಗೆ ಮಾತ್ರ ಜಪ್ತಿಯಾದ ತಾಮ್ರದ ಹಂಡೆಯ ಚಿಂತೆ ಕೊನೆವರೆಗೂ ಹೋಗಲಿಲ್ಲ. ನಿಮ್ಮ ಸಿದ್ದಾಪುರದ ಹೆಂಗಸರು ಗಟ್ಟಿಗಿತ್ತಿಯರು ನೋಡು. ಜಪ್ತಿ ಆಸ್ತಿ ಕೊಂಡವರ ಮನೆ ಮುಂದೆಯೇ ಉಪವಾಸ ಕೂತರು. ಮಾವಿನಗುಂಡಿಯ ಸ್ಮಾರಕದ ಮುಂದೆ ನಾವು ಸುಮ್ನೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆವಲ್ಲ, ಅದು ಅವರದ್ದೇ.

ಗೋವಾದ ಸ್ವಾತಂತ್ರ್ಯ ಹೋರಾಟಗಾರ ಟಿ.ಬಿ. ಕುನ್ಹಾ ಅವರನ್ನು 1946ರಲ್ಲಿ ಹಿಡಿದು, ಆಗ್ವಾದದಲ್ಲಿಟ್ಟು, ಆಮೇಲೆ ಪೋರ್ಚುಗಲ್ಲಿನ ಪೆನಿಷ್ ಕೋಟೆಯ ಜೈಲಿಗೆ ಸಾಗಿಸಿದರು. ಅದೇ ಜೈಲಿನಲ್ಲಿ ಪೋರ್ಚುಗೀಸರು ತಮ್ಮದೇ ಸರ್ವಾಧಿಕಾರವನ್ನು ವಿರೋಧಿಸಿದವರನ್ನೂ ತುಂಬಿದ್ದರು. 1974ರ ಏಪ್ರಿಲ್‌ನಲ್ಲಿ ಆ ಆಡಳಿತ ಬಿತ್ತು, ಎರಡೇ ದಿನಕ್ಕೆ ಅವರ ಬಿಡುಗಡೆಯೂ ಆಯಿತು. ಎಷ್ಟೋ ವರ್ಷ ಕಳೆದು ಆ ಕೋಟೆಯನ್ನು ಹೋಟೆಲ್ ಮಾಡಲು ಕೊಡುವ ಯೋಚನೆ ಅಲ್ಲಿನ ಸರ್ಕಾರಕ್ಕೆ ಬಂತು. ಸಮುದ್ರ ಕಾಣುತ್ತದಲ್ಲ, ರೂಮಿಗೆ ಬಾಡಿಗೆ ಜಾಸ್ತಿ! ಹಳೇ ಕೈದಿಗಳೂ ಊರವರೂ ಬಿಡಲಿಲ್ಲ. ಈಗ ಅದು ರಾಷ್ಟ್ರೀಯ ಮ್ಯೂಸಿಯಂ. ಒಳಗೆ ಇದ್ದವರೇ ಹಟ ಹಿಡಿದರೆ ಕತೆ ಉಳಿಯುತ್ತದೆ. ನಮ್ಮಲ್ಲಿ ಅವರು ಯಾರೂ ಉಳಿದಿಲ್ಲ. ಹಿಂಡಲಗಾ ಇನ್ನೂ ಜೈಲೇ, ಒಳಗೆ ಹೋಗಿ ನೋಡುವ ಹಾಗೂ ಇಲ್ಲ.

ಆ ಹುಡುಗನ ಅಪ್ಪ ಉತ್ತರ ಹೇಳಲಿಲ್ಲ. ನಾನೇ ಕೂತು ಹೇಳಿದೆ, ಹಂಡೆಯಿಂದ ಶುರುಮಾಡಿ. ಪೂರ್ತಿ ಕೇಳಿದ. "ಹಂಡೆ ವಾಪಸ್ ಸಿಕ್ತಾ?" ಅಂದ. ಸಿಗಲಿಲ್ಲ.

ನಿಮ್ಮನೆ ಅಟ್ಟದ ಮೇಲೆ ನಿನ್ನಜ್ಜನ ಜೈಲಿನ ಕಾಗದಗಳ ಟ್ರಂಕು ಇತ್ತಲ್ಲ? ಗೆದ್ದಲು ಹಿಡಿಯುವ ಮೊದಲು ಕೆಳಗಿಳಿಸು. ಮಳೆಗಾಲದ ಒಳಗೆ ಬರ್ತೇನೆ, ಇಬ್ಬರೂ ಕೂತು ಓದೋಣ.

ನಿನ್ನ,
ವಿನಾಯಕ